ರೆಕ್ಕೆ ತಿರುಗುತ್ತಿದೆ, ಬ್ಯಾಟರಿ ತುಂಬುತ್ತಿಲ್ಲ: ಸಣ್ಣ ಗಾಳಿ ಟರ್ಬೈನಿನ ದೋಷ ಹುಡುಕುವ ಬಗೆ

ಮೈಸೂರು, ಮಂಡ್ಯದ ಕಡೆ ತೋಟದ ಮನೆಯಲ್ಲೋ ಕಾಲೇಜಿನ ಆವರಣದಲ್ಲೋ ಸೋಲಾರ್ ಪ್ಯಾನೆಲ್ಲಿನ ಜೊತೆಗೆ ಕಂಬದ ಮೇಲೊಂದು ಸಣ್ಣ ಗಾಳಿ ಟರ್ಬೈನ್ ಕೂರಿಸಿಕೊಂಡವರಿಗಾಗಿ ಈ ಬರಹ. ಇಂಥ ಯಂತ್ರ ಕೆಟ್ಟಾಗ ಹತ್ತಿರದಲ್ಲಿ ರಿಪೇರಿಯವರು ಸಿಗುವುದು ಕಷ್ಟ. ಆದರೆ ಒಂದು ಮಲ್ಟಿಮೀಟರ್, ತಂತಿಯನ್ನು ಬಿಚ್ಚದೆ ಹೊರಗಿನಿಂದಲೇ ಹಿಡಿದು ಎ.ಸಿ., ಡಿ.ಸಿ. ಎರಡೂ ಕರೆಂಟ್ ಅಳೆಯುವ ಒಂದು ಕ್ಲ್ಯಾಂಪ್ ಮೀಟರ್, ಕಾರಿನ ಒಂದು ಹೆಡ್‌ಲೈಟ್ ಬಲ್ಬ್ ಇದ್ದರೆ ಬಹುಪಾಲು ದೋಷಗಳನ್ನು ಮನೆಯಲ್ಲೇ ಪತ್ತೆ ಮಾಡಬಹುದು.

ಲೆಕ್ಕಕ್ಕೆ ಅನುಕೂಲವಾಗಲೆಂದು ಇಲ್ಲಿ ಒಂದೇ ಯಂತ್ರವನ್ನು ಹಿಡಿದು ಹೇಳಿದ್ದೇವೆ. ಮೂರು ರೆಕ್ಕೆ, 2.4 ಮೀಟರ್ ವ್ಯಾಸ, ಕಾಯಂ ಅಯಸ್ಕಾಂತದ 12 ಧ್ರುವಗಳ ತ್ರೀ ಫೇಸ್ ಜನರೇಟರ್, ಒಳಗೆ ಸ್ಟಾರ್ ಜೋಡಣೆ, ಕೆಳಗೆ 24 ವೋಲ್ಟಿನ ಬ್ಯಾಟರಿ, ಹೆಸರಿಗೆ 1 ಕಿಲೋವ್ಯಾಟ್. ನಿಮ್ಮ ಯಂತ್ರ ಬೇರೆಯಾದರೆ ಅಂಕಿಗಳು ಬದಲಾಗುತ್ತವೆ, ಹುಡುಕುವ ಕ್ರಮ ಬದಲಾಗುವುದಿಲ್ಲ. ಮೊದಲು ಗಾಳಿ, ಆಮೇಲೆ ತಿರುಗುವ ಭಾಗ, ಆಮೇಲೆ ಮೂರು ಫೇಸು, ಎ.ಸಿ.ಯನ್ನು ಡಿ.ಸಿ. ಮಾಡುವ ರೆಕ್ಟಿಫೈಯರ್, ಚಾರ್ಜನ್ನು ಹತೋಟಿಯಲ್ಲಿಡುವ ಕಂಟ್ರೋಲರ್, ಕೊನೆಗೆ ಬ್ಯಾಟರಿ. ಕಂಟ್ರೋಲರಿನ ಡಬ್ಬಿ ಕೈಗೆ ಎಟುಕುತ್ತದೆಂದು ಅದನ್ನೇ ಮೊದಲು ಬಿಚ್ಚುವವರು ಬಹಳ. ಹಾಗೆ ಮಾಡಿದರೆ ಸರಿಯಿದ್ದದ್ದನ್ನೂ ಕೆಡಿಸಿಕೊಳ್ಳುವ ಸಾಧ್ಯತೆಯೇ ಹೆಚ್ಚು.

ತಿರುಗುವ ಯಂತ್ರದ ತಂತಿ ಬಿಚ್ಚಬೇಡಿ

ಉಳಿದದ್ದನ್ನೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ. ಟರ್ಬೈನಿನ ರೆಕ್ಕೆಯನ್ನು ಹತೋಟಿಯಲ್ಲಿ ಇಡುವುದು ಬ್ಯಾಟರಿಯೇ. ಬ್ಯಾಟರಿಗೆ ಹರಿಯುವ ಕರೆಂಟೇ ಜನರೇಟರಿಗೆ ಭಾರವಾಗಿ, ರೆಕ್ಕೆಯ ವೇಗಕ್ಕೆ ಕಡಿವಾಣ ಹಾಕುತ್ತದೆ. ಆ ತಂತಿ ಬಿಚ್ಚಿದ ಕ್ಷಣ ರೆಕ್ಕೆಗೆ ಯಾವ ತಡೆಯೂ ಇಲ್ಲ. ಭಾರ ಇದ್ದಾಗ ರೆಕ್ಕೆಯ ತುದಿ ಗಾಳಿಯ ವೇಗದ 6ರಿಂದ 7 ಪಟ್ಟು ವೇಗದಲ್ಲಿ ಓಡುತ್ತದೆ. ಭಾರ ತಪ್ಪಿದರೆ ಅದು 10–11 ಪಟ್ಟಿಗೂ ಏರುತ್ತದೆ. ಸೆಕೆಂಡಿಗೆ 10 ಮೀಟರ್ ಗಾಳಿಯಲ್ಲಿ ನಮ್ಮ 24 ವೋಲ್ಟಿನ ಯಂತ್ರ ಆಗ ಎರಡು ಫೇಸುಗಳ ನಡುವೆ 80–90 ವೋಲ್ಟ್ ಎ.ಸಿ. ಹುಟ್ಟಿಸುತ್ತದೆ. ರೆಕ್ಟಿಫೈಯರ್ ದಾಟಿದ ಮೇಲೆ ಅದರ ಶಿಖರ 120 ವೋಲ್ಟ್ ಡಿ.ಸಿ. ಹತ್ತಿರ. 24 ವೋಲ್ಟಿನ ಕಂಟ್ರೋಲರ್ ಅದನ್ನು ತಡೆಯುವುದಿಲ್ಲ, ಬರಿಗೈಯೂ ತಡೆಯುವುದಿಲ್ಲ.

ಆದ್ದರಿಂದ ಕೆಲಸಕ್ಕೆ ಮುಂಚೆ:

1. ಗಾಳಿ ತಗ್ಗಿದ ಹೊತ್ತು ನೋಡಿಕೊಳ್ಳಿ. ಈ ಭಾಗದಲ್ಲಿ ಸಾಮಾನ್ಯವಾಗಿ ಬೆಳಗಿನ ಜಾವದಿಂದ ಎಂಟು ಗಂಟೆಯವರೆಗೆ ಗಾಳಿ ಕಡಿಮೆ.
2. ಬ್ಯಾಟರಿ ಜೋಡಿಸಿದ್ದ ಹಾಗೆಯೇ ಇರಲಿ. ಸ್ಟಾಪ್ ಸ್ವಿಚ್ ಹಾಕಿ. ಅದು ಮೂರು ಫೇಸುಗಳನ್ನು ಒಂದಕ್ಕೊಂದು ಶಾರ್ಟ್ ಮಾಡಿ ರೆಕ್ಕೆಯನ್ನು ಬಿಗಿ ಹಿಡಿಯುತ್ತದೆ.
3. ರೆಕ್ಕೆ ತೀರಾ ನಿಧಾನವಾದ ಮೇಲಷ್ಟೇ ತಂತಿಗೆ ಕೈ ಹಾಕಿ. ಕಂಬ ಇಳಿಸಿದ್ದರೆ ರೆಕ್ಕೆಯನ್ನು ಹಗ್ಗದಿಂದ ಕಟ್ಟಿ.
4. ಮತ್ತೆ ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಟರ್ಬೈನ್, ಕೊನೆಯಲ್ಲಿ ಸ್ಟಾಪ್ ಸ್ವಿಚ್ ಬಿಡಿ.

ಬಿರುಗಾಳಿ ಎದ್ದ ಮೇಲೆ ಸ್ಟಾಪ್ ಸ್ವಿಚ್ ಹಾಕಿದರೆ ರೆಕ್ಕೆ ನಿಲ್ಲದೆ, ಶಾರ್ಟ್ ಆದ ಸುರುಳಿಯಲ್ಲೇ ಪೂರ್ತಿ ಕರೆಂಟ್ ಹರಿದು ಸ್ಟೇಟರ್ (ಜನರೇಟರಿನಲ್ಲಿ ಸುರುಳಿಗಳಿರುವ, ತಿರುಗದ ಭಾಗ) ಸುಟ್ಟುಹೋಗಬಹುದು. ಸ್ವಿಚ್ ಹಾಕಿ ಹತ್ತು ಸೆಕೆಂಡಿನಲ್ಲಿ ವೇಗ ಇಳಿಯದಿದ್ದರೆ ಸ್ವಿಚ್ ಬಿಟ್ಟು, ಬ್ಯಾಟರಿ ಮತ್ತು ಡಂಪ್ ಲೋಡಿಗೇ (ಹೆಚ್ಚಾದ ಕರೆಂಟನ್ನು ಶಾಖವಾಗಿ ಉರಿಸುವ ರೆಸಿಸ್ಟರ್) ಭಾರ ವಹಿಸಿ, ಕಂಬದಿಂದ ದೂರ ಸರಿಯಿರಿ. ಏಪ್ರಿಲ್–ಮೇ ತಿಂಗಳ ಸಂಜೆ ಮಳೆಗಳಲ್ಲಿ ಗಾಳಿ ಕೆಲವೇ ನಿಮಿಷದಲ್ಲಿ ಎದ್ದುಬಿಡುತ್ತದೆ. ಮೋಡ ಕಟ್ಟುವಾಗಲೇ ಯಂತ್ರ ನಿಲ್ಲಿಸುವ ಅಭ್ಯಾಸ ಒಳ್ಳೆಯದು.

ಗಾಳಿ ನಿಜವಾಗಿ ಇದೆಯೇ?

"ಕೆಟ್ಟಿದೆ" ಎನ್ನುವ ಎಷ್ಟೋ ಯಂತ್ರಗಳು ಕೆಟ್ಟಿರುವುದಿಲ್ಲ. ಗಾಳಿಯ ಶಕ್ತಿ ಅದರ ವೇಗದ ಘನಕ್ಕೆ ಅನುಗುಣ. ವೇಗ ಅರ್ಧವಾದರೆ ಶಕ್ತಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. 2.4 ಮೀಟರ್ ವ್ಯಾಸದ ರೆಕ್ಕೆ ಬಳಸುವ ವೃತ್ತದ ವಿಸ್ತೀರ್ಣ ಸುಮಾರು 4.5 ಚದರ ಮೀಟರ್. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಬೆಚ್ಚಗಿನ ಗಾಳಿಯ ಸಾಂದ್ರತೆ ಘನ ಮೀಟರಿಗೆ 1.08 ಕೆ.ಜಿ. ಆಸುಪಾಸು. ಕ್ಯಾಟಲಾಗುಗಳು ಲೆಕ್ಕ ಹಾಕುವುದು ಸಮುದ್ರಮಟ್ಟದ 1.225ಕ್ಕೆ. ಅಲ್ಲೇ ಶೇಕಡ 12ರಷ್ಟು ಖೋತಾ. ಯಾವ ಟರ್ಬೈನೂ ಗಾಳಿಯಲ್ಲಿರುವ ಶಕ್ತಿಯ ಶೇಕಡ 59.3ಕ್ಕಿಂತ ಹೆಚ್ಚು ಹೀರಲಾರದು, ಇದು ಬೆಟ್ಜ್ ಮಿತಿ. ಜನರೇಟರ್, ಕೇಬಲ್, ಡಯೋಡುಗಳ ನಷ್ಟ ಕಳೆದು ಸಣ್ಣ ಯಂತ್ರದಲ್ಲಿ ಬ್ಯಾಟರಿ ಮುಟ್ಟುವುದು ಶೇಕಡ 25ರ ಹತ್ತಿರ.

ಈ ಲೆಕ್ಕದಲ್ಲಿ ಸೆಕೆಂಡಿಗೆ 3 ಮೀಟರ್ ಗಾಳಿಗೆ ಸಿಗುವುದು 16 ವ್ಯಾಟ್, 4 ಮೀಟರಿಗೆ 40, 6 ಮೀಟರಿಗೆ 130, 8 ಮೀಟರಿಗೆ 310. ಹೆಸರಿನ ಮೇಲಿರುವ 1,000 ವ್ಯಾಟ್ ಸಿಗಬೇಕಾದರೆ 12 ಮೀಟರ್ ಬೇಕು. ಅಂದರೆ ಗಂಟೆಗೆ 43 ಕಿಲೋಮೀಟರ್. ಆಂಪಿಯರಿನಲ್ಲಿ ನೋಡಿದರೆ 6 ಮೀಟರ್ ಗಾಳಿಗೆ 5 ಆಂಪಿಯರ್, 8ಕ್ಕೆ 11–12. ಇದು ನಿಮ್ಮ ಮೀಟರಿನಲ್ಲಿ ಬರುತ್ತಿದ್ದರೆ ಯಂತ್ರ ಆರೋಗ್ಯವಾಗಿದೆ.

ಗಾಳಿಯ ವೇಗ ಅಳೆಯುವ ಅನೆಮೊಮೀಟರ್ ಇಲ್ಲದಿದ್ದರೆ ಮರ ನೋಡಿ. ಎಲೆ ಮತ್ತು ಸಣ್ಣ ಕಡ್ಡಿಗಳು ಒಂದೇ ಸಮ ಅಲುಗುತ್ತಿದ್ದರೆ 3.5ರಿಂದ 5 ಮೀಟರ್. ಧೂಳು, ಕಾಗದ ಏಳುತ್ತಿದ್ದರೆ 5.5ರಿಂದ 8. ಚಿಕ್ಕ ಗಿಡಗಳು ಬುಡದಿಂದ ತೂಗಾಡಿದರೆ 8ರಿಂದ 10. ದೊಡ್ಡ ಕೊಂಬೆಗಳೇ ಅಲ್ಲಾಡಿದರೆ 11ರ ಮೇಲೆ.

ನಮ್ಮ ಕಡೆ ಗಾಳಿಯ ಕಾಲ ಜೂನ್‌ನಿಂದ ಆಗಸ್ಟ್. ಆಷಾಢದ ಗಾಳಿ ಎಂದು ಹಿರಿಯರು ಹೇಳುವುದು ಇದನ್ನೇ. ಅದು ಬೀಸುವುದು ಪಶ್ಚಿಮ, ನೈರುತ್ಯದಿಂದ. ಆದ್ದರಿಂದ ಕಂಬದ ಪಶ್ಚಿಮಕ್ಕೆ ಏನಿದೆ ಎಂಬುದೇ ವರ್ಷದ ಉತ್ಪಾದನೆಯನ್ನು ನಿರ್ಧರಿಸುತ್ತದೆ. ಕಬ್ಬಿನ ಗದ್ದೆ ತೊಂದರೆಯಲ್ಲ. 15 ಮೀಟರಿನ ತೆಂಗಿನ ಸಾಲು, ಸಿಲ್ವರ್ ಓಕ್, ನೀಲಗಿರಿ ತೋಪು ದೊಡ್ಡ ತೊಂದರೆ. ಅಂಥ ಅಡ್ಡಿಯ ಹಿಂದೆ ಅದರ ಎತ್ತರದ 20 ಪಟ್ಟು ದೂರದವರೆಗೆ, ಎರಡು ಪಟ್ಟು ಎತ್ತರದವರೆಗೆ ಗಾಳಿ ಕದಡಿರುತ್ತದೆ. ಕಂಬ ನೆಟ್ಟಾಗ ಆಳೆತ್ತರ ಇದ್ದ ಗಿಡಗಳು ಹತ್ತು ವರ್ಷದಲ್ಲಿ ಟರ್ಬೈನನ್ನು ಮುಚ್ಚಿಬಿಡುತ್ತವೆ. "ಮೊದಲು ಚೆನ್ನಾಗಿತ್ತು, ವರ್ಷ ವರ್ಷ ಕಡಿಮೆಯಾಗುತ್ತಿದೆ" ಎಂಬ ದೂರಿಗೆ ಮೊದಲು ಇಲ್ಲಿ ಉತ್ತರ ಹುಡುಕಿ.

ಪರೀಕ್ಷೆ ಸುಲಭ. ಕಂಬದ ಮೇಲೆ, ಅದನ್ನು ಎಳೆದು ಹಿಡಿದಿರುವ ಸ್ಟೇ ವೈರಿನ ಮೇಲೆ ಬೇರೆ ಬೇರೆ ಎತ್ತರದಲ್ಲಿ ಮೀಟರುದ್ದದ ಬಟ್ಟೆಪಟ್ಟಿ ಕಟ್ಟಿ. ಪಟ್ಟಿ ನೆಟ್ಟಗೆ ಚಾಚಿಕೊಂಡರೆ ಗಾಳಿ ಶುದ್ಧ. ಮೇಲೆ ಕೆಳಗೆ ಪಟಪಟ ಹೊಡೆದುಕೊಂಡು ದಿಕ್ಕು ಬದಲಿಸುತ್ತಿದ್ದರೆ ಅದು ಕದಡಿದ ಗಾಳಿ. ಅದರಲ್ಲಿ ಟರ್ಬೈನಿನ ತಲೆ ಅತ್ತಿತ್ತ ತೂಗಾಡುತ್ತ ಬೇರಿಂಗ್ ಸವೆಸಿಕೊಳ್ಳುತ್ತದೆ, ಕರೆಂಟ್ ಕೊಡುವುದಿಲ್ಲ. ಇದಕ್ಕೆ ಎತ್ತರ ಒಂದೇ ಮದ್ದು. ಬಯಲಿನಲ್ಲಿ 10 ಮೀಟರಿನಿಂದ 20 ಮೀಟರಿಗೆ ಏರಿಸಿದರೆ ಗಾಳಿಯ ವೇಗ ಶೇಕಡ 10ರಷ್ಟು, ಶಕ್ತಿ ಶೇಕಡ 35ರಷ್ಟು ಹೆಚ್ಚುತ್ತದೆ. ಮರಗಳ ನಡುವೆ ಲಾಭ ಇದಕ್ಕಿಂತಲೂ ಹೆಚ್ಚು.

ಕಂಬದ ಬುಡದಲ್ಲಿ ನಿಂತು ನೋಡಿ, ಕೇಳಿ

ಗಾಳಿ ಸಾಕಷ್ಟಿದೆ ಎಂದು ಖಚಿತವಾದ ಮೇಲೆ ಮೀಟರ್ ತೆಗೆಯುವ ಮುಂಚೆ ಐದು ನಿಮಿಷ ಬುಡದಲ್ಲಿ ನಿಲ್ಲಿ. ಯಂತ್ರ ತಿರುಗುವ ರೀತಿಯೇ ಅರ್ಧ ರೋಗ ಹೇಳುತ್ತದೆ.

ರೆಕ್ಕೆ ಸಿಳ್ಳೆ ಹಾಕುತ್ತ ಅತಿ ವೇಗವಾಗಿ ತಿರುಗುತ್ತಿದೆ, ಕರೆಂಟ್ ಸೊನ್ನೆ: ಎಲ್ಲೋ ತಂತಿ ತುಂಡಾಗಿದೆ, ಇಲ್ಲವೇ ಫ್ಯೂಸ್ ಹೋಗಿದೆ, ಇಲ್ಲವೇ ಕಂಟ್ರೋಲರ್ ಟರ್ಬೈನನ್ನು ಬ್ಯಾಟರಿಯಿಂದ ಬೇರ್ಪಡಿಸಿದೆ. ಇದೇ ಎಲ್ಲಕ್ಕಿಂತ ಅಪಾಯದ ಸ್ಥಿತಿ, ಕೂಡಲೇ ನಿಲ್ಲಿಸಿ.

ಒಳ್ಳೆಯ ಗಾಳಿಯಲ್ಲೂ ನಿಧಾನವಾಗಿ, ಭಾರ ಹೊತ್ತುಕೊಂಡು ತಿರುಗಿದಂತೆ ತಿರುಗುತ್ತಿದೆ: ಎಲ್ಲೋ ಶಾರ್ಟ್ ಇದೆ. ಡಯೋಡ್, ಕೇಬಲ್, ಸುರುಳಿ ಮೂರರಲ್ಲಿ ಒಂದು. ಸ್ಟಾಪ್ ಸ್ವಿಚ್ಚಿನ ಒಳಗೆ ಸಂಪರ್ಕ ಅಂಟಿಕೊಂಡಿದ್ದರೂ ಹೀಗೇ ಆಗುತ್ತದೆ. ಅದನ್ನೇ ಮೊದಲು ನೋಡಿ, ಯಾಕೆಂದರೆ ಅದು ಸುಲಭ.

ವೇಗ ಸರಿಯಿದೆ, ಆದರೆ ಕರೆಂಟ್ ಬಹಳ ಕಡಿಮೆ, ಜೊತೆಗೆ ಗುಂಯ್ ಎಂಬ ನಡುಗುವ ಸದ್ದು: ಒಂದು ಫೇಸ್ ಹೋಗಿದೆ. ಪಂಪ್‌ಸೆಟ್ಟಿನ ಮೋಟರಿಗೆ ಒಂದು ಫೇಸ್ ತಪ್ಪಿದಾಗ ಬರುವ ಸದ್ದನ್ನು ಕೇಳಿದವರಿಗೆ ಇದು ತಕ್ಷಣ ಗುರುತು ಸಿಗುತ್ತದೆ.

ಕರಕರ, ಉಜ್ಜುವ ಸದ್ದು: ಬೇರಿಂಗ್ ಸವೆದಿದೆ, ಇಲ್ಲವೇ ತುಕ್ಕು ಹಿಡಿದು ಉಬ್ಬಿದ ಅಯಸ್ಕಾಂತ ಸ್ಟೇಟರಿಗೆ ತಾಗುತ್ತಿದೆ. ಅಯಸ್ಕಾಂತಕ್ಕೂ ಸ್ಟೇಟರಿಗೂ ನಡುವಿನ ಸಂದು ಕೆಲವೇ ಮಿಲಿಮೀಟರ್. ಈ ಸದ್ದು ಬಂದರೆ ಕಂಬ ಇಳಿಸುವವರೆಗೆ ಓಡಿಸಬೇಡಿ.

ಗಾಳಿ ಒಂದು ಕಡೆ, ಮುಖ ಇನ್ನೊಂದು ಕಡೆ: ಕಂಬದ ತುದಿಯ ಬೇರಿಂಗ್ ಬಿಗಿದಿದೆ, ಕಂಬ ವಾಲಿದೆ, ಅಥವಾ ಕೇಬಲ್ ಒಳಗೆ ಹುರಿಗೊಂಡು ತಲೆಯನ್ನು ಎಳೆದು ಹಿಡಿದಿದೆ. ಕಂಬಕ್ಕೆ ನಾಲ್ಕು ಕಡೆಯಿಂದ ತೂಗುಗುಂಡು ಹಿಡಿದು ನೋಡಿ. ಸ್ವಲ್ಪ ವಾಲಿದರೂ ತಗ್ಗು ಗಾಳಿಯಲ್ಲಿ ತಲೆ ವಾಲಿದ ಕಡೆಗೇ ಬಂದು ಕೂರುತ್ತದೆ.

ಮೂರು ತಂತಿಗಳನ್ನು ಹೋಲಿಸಿ

ವಿದ್ಯುತ್ ಪರೀಕ್ಷೆಯ ಜೀವಾಳ ಇಷ್ಟೇ: ಆರೋಗ್ಯವಾಗಿರುವ ಜನರೇಟರಿನಲ್ಲಿ ಕೆಂಪು–ಹಳದಿ, ಹಳದಿ–ನೀಲಿ, ನೀಲಿ–ಕೆಂಪು ಮೂರು ಜೋಡಿಗಳೂ ಒಂದೇ ಅಂಕಿ ತೋರಿಸಬೇಕು. ಅಂಕಿ ಎಷ್ಟು ಎಂಬುದಕ್ಕಿಂತ ಮೂರೂ ಸಮ ಇವೆಯೇ ಎಂಬುದು ಮುಖ್ಯ. ಇದರಿಂದ ತಯಾರಕರ ಪುಸ್ತಕ ಕಳೆದುಹೋದ ಯಂತ್ರವನ್ನೂ ಪರೀಕ್ಷಿಸಬಹುದು.

ಬ್ಯಾಟರಿಗೆ ಜೋಡಿಸಿದ್ದಾಗ ವೋಲ್ಟ್ ಅಳೆದು ಪ್ರಯೋಜನ ಕಡಿಮೆ, ಆಗ ಬ್ಯಾಟರಿ ಇರುವಷ್ಟೇ ವೋಲ್ಟ್ ಕಾಣುತ್ತದೆ. ಆ ಹೊತ್ತಿನಲ್ಲಿ ನೋಡಬೇಕಾದ್ದು ಕರೆಂಟ್. ಎ.ಸಿ.ಗೆ ಇಟ್ಟ ಕ್ಲ್ಯಾಂಪನ್ನು ಮೂರು ತಂತಿಗೂ ಒಂದೊಂದಾಗಿ ಹಾಕಿ. ಗಾಳಿ ಏರಿಳಿಯುವುದರಿಂದ ಪ್ರತಿ ತಂತಿಯನ್ನು ಒಂದೆರಡು ನಿಮಿಷ ನೋಡಿ. ಒಂದು ತಂತಿ ಸೊನ್ನೆ, ಉಳಿದೆರಡು ಸಮ ಎಂದರೆ ಆ ಸೊನ್ನೆಯ ತಂತಿಯೇ ತುಂಡಾದದ್ದು.

ಬಿಚ್ಚಿದ ತುದಿಗಳಲ್ಲಿ ವೋಲ್ಟ್ ಅಳೆಯುವುದಿದ್ದರೆ ಸೆಕೆಂಡಿಗೆ 4 ಮೀಟರಿಗಿಂತ ಕಡಿಮೆ ಗಾಳಿಯಲ್ಲಿ, ಪಕ್ಕದಲ್ಲೊಬ್ಬರು ಸ್ಟಾಪ್ ಸ್ವಿಚ್ಚಿನ ಮೇಲೆ ಕೈಯಿಟ್ಟಿರುವಾಗ ಮಾತ್ರ. ಇನ್ನೂ ಒಳ್ಳೆಯದು, ಕಂಬ ಇಳಿಸಿ ಕೈಯಿಂದ ತಿರುಗಿಸುವುದು. ಆಗ ವೋಲ್ಟಿನ ಜೊತೆಗೆ ಎ.ಸಿ.ಯ ಹರ್ಟ್ಜ್ (ಸೆಕೆಂಡಿಗೆ ಎಷ್ಟು ಆವರ್ತನ) ಕೂಡ ನೋಡಿ. 12 ಧ್ರುವದ ಯಂತ್ರದಲ್ಲಿ ಹರ್ಟ್ಜ್ ಅನ್ನು 10ರಿಂದ ಗುಣಿಸಿದರೆ ನಿಮಿಷದ ಸುತ್ತು ಸಿಗುತ್ತದೆ. ಸೆಕೆಂಡಿಗೆ ಒಂದು ಸುತ್ತು ಎಂದರೆ 60 ಸುತ್ತು, 6 ಹರ್ಟ್ಜ್. ನಮ್ಮ ಉದಾಹರಣೆಯ ಯಂತ್ರ ಒಂದು ಹರ್ಟ್ಜಿಗೆ ಸುಮಾರು ಒಂದು ವೋಲ್ಟ್ ಕೊಡುವಂಥದ್ದು, ಆದ್ದರಿಂದ ಸುಮಾರು 6 ವೋಲ್ಟ್ ಎ.ಸಿ. ಬರಬೇಕು. ಅಗ್ಗದ ಮೀಟರುಗಳು ಇಷ್ಟು ಕಡಿಮೆ ಹರ್ಟ್ಜಿನಲ್ಲಿ ತಪ್ಪು ಅಂಕಿ ತೋರಿಸುತ್ತವೆ. ಹೋಲಿಕೆಗೆ ಅಷ್ಟೂ ಸಾಕು.

ಫಲಿತಾಂಶ ಓದುವುದು ಹೀಗೆ. ಕೆಂಪು–ಹಳದಿ ಸರಿ, ನೀಲಿ ಸೇರಿದ ಎರಡೂ ಜೋಡಿ ಸೊನ್ನೆ ಎಂದರೆ ನೀಲಿ ತುಂಡು. ನೀಲಿ ಸೇರಿದ ಎರಡು ಜೋಡಿ ಸೊನ್ನೆಯಲ್ಲ, ಆದರೆ ಕಡಿಮೆ ಎಂದರೆ ನೀಲಿ ಫೇಸಿನ ಕೆಲವು ಸುತ್ತುಗಳು ಒಳಗೇ ಶಾರ್ಟ್. ಮೂರೂ ಸಮ, ಆದರೆ ಯಂತ್ರ ಹೊಸದಿದ್ದಾಗ ಹರ್ಟ್ಜಿಗೆ 1 ವೋಲ್ಟ್ ಇದ್ದದ್ದು 0.8ಕ್ಕೆ ಇಳಿದಿದೆ ಎಂದರೆ ಅಯಸ್ಕಾಂತದ ಬಲ ಕುಗ್ಗಿದೆ. ಸಾಮಾನ್ಯ ದರ್ಜೆಯ ನಿಯೋಡಿಮಿಯಂ ಅಯಸ್ಕಾಂತ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಲ ಕಳೆದುಕೊಳ್ಳತೊಡಗುತ್ತದೆ. ಅತಿಭಾರದಲ್ಲಿ ಬಿಸಿಯಾದ ಯಂತ್ರಕ್ಕೆ ಈ ಗತಿ.

ಮೀಟರ್ ಕೂಡ ಇಲ್ಲದೆ ಕೈಗೇ ತಿಳಿಯುವ ಪರೀಕ್ಷೆಯೊಂದಿದೆ. ಮೂರು ತುದಿಗಳೂ ಬಿಡಿಯಾಗಿದ್ದಾಗ ರೆಕ್ಕೆ ಹಗುರವಾಗಿ ಸುತ್ತಬೇಕು. ಎರಡು ತುದಿ ಮುಟ್ಟಿಸಿದರೆ ತಡೆತಡೆದು ಜಗ್ಗಿದಂತಾಗಬೇಕು. ಮೂರೂ ಮುಟ್ಟಿಸಿದರೆ ಒಂದೇ ಸಮನೆ ಭಾರವಾಗಬೇಕು. ಬಿಡಿಯಾಗಿದ್ದಾಗಲೇ ಜಗ್ಗುತ್ತಿದ್ದರೆ ಮೇಲೆ ಶಾರ್ಟ್ ಇದೆ. ಮೂರೂ ಸೇರಿಸಿದರೂ ಜಗ್ಗುವ ತಡೆಯೇ ಬಂದರೆ ಒಂದು ಫೇಸ್ ಇಲ್ಲ.

ಸುರುಳಿಯ ರೋಧವನ್ನು ಮಲ್ಟಿಮೀಟರಿನ ಓಮ್ ಸ್ಥಾನದಲ್ಲಿ ಅಳೆದು ಮೋಸ ಹೋಗಬೇಡಿ. ಇಲ್ಲಿನ ರೋಧ ಅರ್ಧ ಓಮಿಗಿಂತ ಕಡಿಮೆ ಇರಬಹುದು, ಮೀಟರಿನ ವೈರುಗಳದ್ದೇ ಅಷ್ಟಿರುತ್ತದೆ. ಬದಲಿಗೆ 12 ವೋಲ್ಟಿನ ಬ್ಯಾಟರಿಗೆ 55 ವ್ಯಾಟಿನ ಹೆಡ್‌ಲೈಟ್ ಬಲ್ಬನ್ನು ಸೀರೀಸಿನಲ್ಲಿ ಹಾಕಿ, ಎರಡು ಫೇಸುಗಳ ಮೂಲಕ ಕರೆಂಟ್ ಹರಿಸಿ. ಸುಮಾರು 4 ಆಂಪಿಯರ್ ಹರಿಯುತ್ತದೆ. ಆ ಎರಡು ಫೇಸುಗಳ ಲಗ್ಗಿನ (ತಂತಿಯ ತುದಿಗೆ ಒತ್ತಿ ಕೂರಿಸಿದ ಲೋಹದ ಕಿವಿ) ಮೇಲೇ ಮೀಟರ್ ಇಟ್ಟು ವೋಲ್ಟ್ ನೋಡಿ, ಆಂಪಿಯರಿನಿಂದ ಭಾಗಿಸಿ. 1.2 ವೋಲ್ಟ್ ಬಂದರೆ 0.3 ಓಮ್. ಮೂರು ಜೋಡಿಗಳೂ ಶೇಕಡ 5ರ ಒಳಗೆ ಹೊಂದಬೇಕು. ಈ ಪರೀಕ್ಷೆಯ ಹೊತ್ತಿಗೆ ರೆಕ್ಟಿಫೈಯರ್ ಬಿಚ್ಚಿರಲಿ, ರೆಕ್ಕೆ ಕಟ್ಟಿರಲಿ. ಡಿ.ಸಿ. ಹರಿದಾಗ ರೋಟರ್ ತಟ್ಟನೆ ಒಂದು ಕಡೆಗೆ ಎಳೆದುಕೊಳ್ಳುತ್ತದೆ.

ಇದೇ ಪರೀಕ್ಷೆಯನ್ನು ಮೊದಲು ಕಂಬದ ಬುಡದಲ್ಲಿ, ಆಮೇಲೆ ಜನರೇಟರಿನ ಬಾಯಲ್ಲಿ ಮಾಡಿ. ಎರಡರ ವ್ಯತ್ಯಾಸವೇ ಕೇಬಲ್ ಮತ್ತು ಕೀಲುಗಳ ರೋಧ. ಕಂಬದ ತುದಿಯಲ್ಲಿ ಸ್ಲಿಪ್ ರಿಂಗ್ (ತಲೆ ಸುತ್ತಿದರೂ ಕರೆಂಟನ್ನು ಕೆಳಗೆ ದಾಟಿಸುವ ಉಂಗುರ) ಇದ್ದರೆ ತಲೆಯನ್ನು ನಿಧಾನವಾಗಿ ಪೂರ್ತಿ ಒಂದು ಸುತ್ತು ತಿರುಗಿಸುತ್ತ ಬಲ್ಬನ್ನು ನೋಡಿ. ಒಂದು ಜಾಗದಲ್ಲಿ ಬಲ್ಬ್ ಮಿಣುಕಿದರೆ ಕಾರ್ಬನ್ ಬ್ರಷ್ ಸವೆದಿದೆ ಅಥವಾ ಉಂಗುರಕ್ಕೆ ಕಿಲುಬು ಹಿಡಿದಿದೆ. ಸ್ಲಿಪ್ ರಿಂಗ್ ಇಲ್ಲದೆ ಕೇಬಲ್ಲನ್ನೇ ಇಳಿಬಿಟ್ಟಿರುವ ಯಂತ್ರದಲ್ಲಿ ವರ್ಷಕ್ಕೊಮ್ಮೆ ಬುಡದ ಪ್ಲಗ್ ಬಿಚ್ಚಿ ಹುರಿ ಬಿಡಿಸಬೇಕು. ತಾಮ್ರ ಮತ್ತು ಅಲ್ಯೂಮಿನಿಯಂ ತಂತಿಗಳನ್ನು ಕೈಯಿಂದ ಹೊಸೆದು ಟೇಪ್ ಸುತ್ತಿದ ಕೀಲು ಒಂದು ಮಳೆಗಾಲ ದಾಟಿದರೆ ಹೆಚ್ಚು.

ಕೇಬಲ್ ತೆಳ್ಳಗಿದ್ದರೆ ಅದೂ ದೋಷವೇ. ಕಂಬದಿಂದ ಬ್ಯಾಟರಿಗೆ 40 ಮೀಟರ್ ದೂರಕ್ಕೆ 6 ಚದರ ಮಿ.ಮೀ. ತಾಮ್ರ ಎಳೆದರೆ ಒಂದೊಂದು ತಂತಿಗೂ 0.117 ಓಮ್. 10 ಆಂಪಿಯರ್ ಡಿ.ಸಿ. ಬರುವಾಗ ನಷ್ಟ 23 ವ್ಯಾಟ್, ಸಹಿಸಬಹುದು. 30 ಆಂಪಿಯರಿಗೆ 210 ವ್ಯಾಟ್ ತಂತಿಯಲ್ಲೇ ಬಿಸಿಯಾಗಿ ಹೋಗುತ್ತದೆ. 16 ಚದರ ಮಿ.ಮೀ. ಹಾಕಿದರೆ ಅದು 80ಕ್ಕೆ ಇಳಿಯುತ್ತದೆ.

ರೆಕ್ಟಿಫೈಯರ್

ಆರು ಡಯೋಡುಗಳ ಈ ಸಣ್ಣ ಇಟ್ಟಿಗೆಯೇ ಹೆಚ್ಚಾಗಿ ಕೆಡುವುದು. ಎಲ್ಲ ತಂತಿ ಬಿಚ್ಚಿ ಮಲ್ಟಿಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ. ಕೆಂಪು ಕಡ್ಡಿಯನ್ನು ಮೂರು ಎ.ಸಿ. ಕಾಲುಗಳಿಗೆ ಒಂದೊಂದಾಗಿ, ಕಪ್ಪನ್ನು ಪ್ಲಸ್ಸಿಗೆ ಇಟ್ಟರೆ 0.4ರಿಂದ 0.7 ಬರಬೇಕು. ಕಡ್ಡಿ ಅದಲುಬದಲು ಮಾಡಿದರೆ ಏನೂ ಹರಿಯಬಾರದು. ಹಾಗೆಯೇ ಕೆಂಪನ್ನು ಮೈನಸ್ಸಿಗೆ, ಕಪ್ಪನ್ನು ಎ.ಸಿ. ಕಾಲುಗಳಿಗೆ ಇಟ್ಟು ನೋಡಿ. ಎರಡೂ ಕಡೆ ಸೊನ್ನೆ ಹತ್ತಿರ ಬಂದರೆ ಆ ಡಯೋಡ್ ಶಾರ್ಟ್, ಎರಡೂ ಕಡೆ ಏನೂ ಬರದಿದ್ದರೆ ತೆರೆದುಹೋಗಿದೆ. ಆರರಲ್ಲಿ ಒಂದು ಹೋದರೂ ಪೂರ್ತಿ ಇಟ್ಟಿಗೆಯನ್ನೇ, ಅಂದರೆ ಬ್ರಿಡ್ಜನ್ನೇ ಬದಲಿಸಿ.

ಹೊಸದು ಹಾಕುವ ಮುಂಚೆ ಹಳೆಯದು ಯಾಕೆ ಹೋಯಿತು ಕೇಳಿಕೊಳ್ಳಿ. 1 ಕಿಲೋವ್ಯಾಟಿಗೆ 24 ವೋಲ್ಟಿನಲ್ಲಿ 35–40 ಆಂಪಿಯರ್ ಹರಿಯುತ್ತದೆ. ಬ್ರಿಡ್ಜ್ ಕನಿಷ್ಠ ಇದರ ಎರಡರಷ್ಟು ಆಂಪಿಯರಿನದಾಗಿರಲಿ, ವೋಲ್ಟ್ ತಾಳಿಕೆ 400ಕ್ಕಿಂತ ಕಡಿಮೆ ಬೇಡ. ಕರೆಂಟ್ ಸದಾ ಎರಡು ಡಯೋಡ್ ದಾಟುವುದರಿಂದ 1.4 ವೋಲ್ಟ್ ಬೀಳುತ್ತದೆ, 35 ಆಂಪಿಯರಿಗೆ ಸುಮಾರು 50 ವ್ಯಾಟ್ ಶಾಖ. ಹೀಟ್ ಸಿಂಕ್ ಇಲ್ಲದೆ, ಪೇಸ್ಟ್ ಹಚ್ಚದೆ, ಮರದ ಹಲಗೆಗೆ ಸ್ಕ್ರೂ ಹೊಡೆದರೆ ಆಷಾಢದ ಮೊದಲ ವಾರವೇ ಕೊನೆ. ಬ್ಯಾಟರಿಯನ್ನು ಒಂದು ಕ್ಷಣ ಉಲ್ಟಾ ಜೋಡಿಸಿದರೂ ಆರೂ ಡಯೋಡ್ ಒಟ್ಟಿಗೆ ಹೋಗುತ್ತವೆ.

ಕಂಟ್ರೋಲರ್, ಡಂಪ್ ಲೋಡ್, ಬ್ಯಾಟರಿ

ಸೋಲಾರ್ ಚಾರ್ಜ್ ಕಂಟ್ರೋಲರಿಗೇ ಟರ್ಬೈನನ್ನೂ ಸಿಕ್ಕಿಸುವುದು ಇಲ್ಲಿನ ದೊಡ್ಡ ತಪ್ಪು. ಬ್ಯಾಟರಿ ತುಂಬಿದ ಕೂಡಲೇ ಸೋಲಾರ್ ಕಂಟ್ರೋಲರ್ ಪ್ಯಾನೆಲ್ಲನ್ನು ಕತ್ತರಿಸುತ್ತದೆ, ಪ್ಯಾನೆಲ್ಲಿಗೆ ಅದರಿಂದ ಏನೂ ಆಗದು. ಟರ್ಬೈನನ್ನು ಹಾಗೆ ಕತ್ತರಿಸಿದರೆ ಅದು ಭಾರ ತಪ್ಪಿ ಓಡುತ್ತದೆ. ಗಾಳಿ ಜೋರಿರುವ ದಿನವೇ ಬ್ಯಾಟರಿ ಬೇಗ ತುಂಬುವುದು, ಹಾಗಾಗಿ ಕತ್ತರಿಸುವುದೂ ಅತಿ ಕೆಟ್ಟ ಗಳಿಗೆಯಲ್ಲೇ. ಸೆಸ್ಕ್ (ಈ ಭಾಗದ ವಿದ್ಯುತ್ ಸರಬರಾಜು ಕಂಪನಿ) ಲೈನಿಗೆ ಜೋಡಿಸಿದ ಇನ್ವರ್ಟರಿನಲ್ಲೂ ಇದೇ ಅಪಾಯ. ಲೈನ್ ಹೋದರೆ ಇನ್ವರ್ಟರ್ ನಿಯಮದಂತೆ ನಿಲ್ಲುತ್ತದೆ, ಟರ್ಬೈನಿಗೆ ಬೇರೆ ಭಾರ ಇಲ್ಲದಿದ್ದರೆ ಅದು ಹತೋಟಿ ತಪ್ಪುತ್ತದೆ.

ಟರ್ಬೈನಿಗೆ ಬೇಕಾದ್ದು ಹೆಚ್ಚಾದ ಕರೆಂಟನ್ನು ಹೀಟರ್ ರೆಸಿಸ್ಟರಿಗೆ ತಿರುಗಿಸುವ ಕಂಟ್ರೋಲರ್. 28.8 ವೋಲ್ಟಿನಲ್ಲಿ 1,000 ವ್ಯಾಟ್ ಉರಿಸಲು ರೆಸಿಸ್ಟರ್ 0.83 ಓಮ್ ಇರಬೇಕು. ಕೆಲವರಲ್ಲಿ ನಾಲ್ಕು ರೆಸಿಸ್ಟರುಗಳಲ್ಲಿ ಎರಡು ಸುಟ್ಟು ತುಂಡಾಗಿ ಯಾರಿಗೂ ಗೊತ್ತೇ ಆಗಿರುವುದಿಲ್ಲ. ಮೇ ತಿಂಗಳಲ್ಲೇ ಒಂದೊಂದನ್ನೂ ಬಲ್ಬ್ ಪರೀಕ್ಷೆಗೆ ಒಡ್ಡಿ. ಕಂಟ್ರೋಲರ್ ಡಂಪ್ ಮಾಡುತ್ತಿದೆಯೇ ತಿಳಿಯಲು ಬ್ಯಾಟರಿ ತುಂಬಿರುವ ದಿನ ರೆಸಿಸ್ಟರಿನ ತಂತಿಗೆ ಡಿ.ಸಿ. ಕ್ಲ್ಯಾಂಪ್ ಹಾಕಿ. ಬ್ಯಾಟರಿ 29 ವೋಲ್ಟ್ ದಾಟಿದರೂ ಅಲ್ಲಿ ಕರೆಂಟ್ ಇಲ್ಲದಿದ್ದರೆ ದೋಷ ಅಲ್ಲಿದೆ. ತದ್ವಿರುದ್ಧವಾಗಿ, 26 ವೋಲ್ಟಿನಲ್ಲೇ ಡಂಪ್ ಬಿಸಿಯಾಗಿದ್ದರೆ ಸೆಟ್ಟಿಂಗ್ ತಪ್ಪಿದೆ, ಬ್ಯಾಟರಿಗೆ ಹೋಗಬೇಕಾದ್ದು ಗಾಳಿಗೆ ಹೋಗುತ್ತಿದೆ.

ಬ್ಯಾಟರಿಯನ್ನು ಕೆಲವು ಗಂಟೆ ವಿಶ್ರಾಂತಿಗೆ ಬಿಟ್ಟು ಅಳೆದರೆ 25.4 ವೋಲ್ಟ್ ಎಂದರೆ ತುಂಬಿದೆ, 24.4 ಎಂದರೆ ಅರ್ಧ. ಟ್ಯೂಬ್ಯುಲರ್ ಬ್ಯಾಟರಿಯ ಪ್ರತಿ ಸೆಲ್ಲಿಗೂ ಹೈಡ್ರೋಮೀಟರ್ ಹಾಕಿ. ತುಂಬಿದಾಗ 1.240ರ ಆಸುಪಾಸು ಇರಬೇಕು, ಒಂದೇ ಸೆಲ್ ಉಳಿದವಕ್ಕಿಂತ ಬಹಳ ಹಿಂದುಳಿದಿದ್ದರೆ ಆ ಬ್ಯಾಟರಿ ಮುಗಿದಿದೆ. ಇನ್ನೊಂದನ್ನು ಮರೆಯುತ್ತೇವೆ: ಇನ್ವರ್ಟರ್ ಏನೂ ಉರಿಸದೆ ಸುಮ್ಮನೆ ಆನ್ ಇದ್ದರೂ 20 ವ್ಯಾಟ್ ತಿನ್ನುವುದುಂಟು. 4 ಮೀಟರ್ ಗಾಳಿಯ 40 ವ್ಯಾಟಿನಲ್ಲಿ ಅರ್ಧ ಅದರ ಹೊಟ್ಟೆಗೇ ಹೋಯಿತು. ಅಕ್ಟೋಬರಿನಲ್ಲಿ ಬ್ಯಾಟರಿ ಇಳಿಯುತ್ತ ಹೋದರೆ ಟರ್ಬೈನನ್ನು ದೂರುವ ಮುಂಚೆ ಇದನ್ನು ಅಳೆಯಿರಿ.

ಜೋರು ಗಾಳಿಯನ್ನು ತಾಳಿಕೊಳ್ಳುವ ಬಾಲ

ಮಳವಳ್ಳಿ ತಾಲೂಕಿನ ಶಿವನಸಮುದ್ರದಲ್ಲಿ 1902ರಿಂದ ನೀರಿನ ಟರ್ಬೈನುಗಳು ವಿದ್ಯುತ್ ಕೊಟ್ಟಿವೆ. ಅಲ್ಲಿ ನೀರು ಹೆಚ್ಚಾದರೆ ಗೇಟ್ ಇಳಿಸಬಹುದು. ಗಾಳಿಗೆ ಗೇಟ್ ಇಲ್ಲ, ರೆಕ್ಕೆಯೇ ಗಾಳಿಯಿಂದ ಪಕ್ಕಕ್ಕೆ ಸರಿಯಬೇಕು. ಚಿತ್ರದುರ್ಗ, ಗದಗದ ಗುಡ್ಡಗಳ ಮೇಲಿನ ದೊಡ್ಡ ಯಂತ್ರಗಳಲ್ಲಿ ಪ್ರತಿ ರೆಕ್ಕೆಯೂ ತನ್ನ ಅಕ್ಷದ ಸುತ್ತ ಹೊರಳಿ ಗಾಳಿಯನ್ನು ಜಾರಲು ಬಿಡುತ್ತದೆ. ಸಾಮಾನ್ಯವಾಗಿ 25 ಮೀಟರ್ ಗಾಳಿಗೆ ಅವು ಪೂರ್ತಿ ನಿಲ್ಲುತ್ತವೆ. ಸಣ್ಣ ಯಂತ್ರದಲ್ಲಿ ಆ ಕೆಲಸ ಮಾಡುವುದು ಬಾಲ.

ರೆಕ್ಕೆಯ ಅಕ್ಷವನ್ನು ಕಂಬದ ನಡುವಿನಿಂದ ಸುಮಾರು 10 ಸೆಂ.ಮೀ. ಪಕ್ಕಕ್ಕೆ ಇಟ್ಟಿರುತ್ತಾರೆ. ಹಾಗಾಗಿ ಗಾಳಿ ಯಾವಾಗಲೂ ರೆಕ್ಕೆಯನ್ನು ಪಕ್ಕಕ್ಕೆ ತಳ್ಳುತ್ತಿರುತ್ತದೆ. ಓರೆಯಾದ ಕೀಲಿನ ಮೇಲೆ ಕೂತ ಬಾಲ ತನ್ನ ತೂಕದಿಂದ ಅದನ್ನು ಎದುರಿಸುತ್ತದೆ. ಗಾಳಿ 10–12 ಮೀಟರ್ ಮುಟ್ಟಿದಾಗ ತಳ್ಳುವ ಬಲ ಗೆದ್ದು, ಬಾಲ ಮೇಲೆದ್ದು, ರೆಕ್ಕೆ ಗಾಳಿಗೆ ಓರೆಯಾಗುತ್ತದೆ. ಗಾಳಿ ಇಳಿದಾಗ ಬಾಲ ಜಾರಿ ಹಿಂದಿನ ಜಾಗಕ್ಕೆ ಬರುತ್ತದೆ.

ಕಂಬ ಇಳಿಸಿದಾಗ ತಲೆಯನ್ನು ನೆಟ್ಟಗೆ ಆನಿಸಿ ಹಿಡಿದು, ಬಾಲವನ್ನು ಕೈಯಿಂದ ಮಡಿಸಿ ಬಿಡಿ. ತಾನಾಗಿಯೇ ನುಣ್ಣಗೆ ಮರಳಬೇಕು. ನಡುವೆ ನಿಂತರೆ ಕೀಲು ತುಕ್ಕು ಹಿಡಿದಿದೆ. ಬಿಚ್ಚಿ, ಉಪ್ಪುಕಾಗದದಲ್ಲಿ ಉಜ್ಜಿ, ಗ್ರೀಸ್ ತುಂಬಿ. ಮಡಿಸದ ಬಾಲ ಅತಿವೇಗಕ್ಕೆ, ಸುಟ್ಟ ಸ್ಟೇಟರಿಗೆ ನೇರ ದಾರಿ. ಸ್ಟೇಟರಿನ ರಾಳ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಸುರುಳಿ ಬದಲಿಸಿ ಸುಮ್ಮನಾಗಬೇಡಿ, ಬಾಲ ಸರಿಮಾಡದಿದ್ದರೆ ಹೊಸ ಸುರುಳಿಯೂ ಸುಡುತ್ತದೆ. ಬಾಲದ ಹಲಗೆ ಪ್ಲೈವುಡ್ ಆಗಿದ್ದರೆ ಮಳೆ ನೀರು ಕುಡಿದು ತೂಕ ಏರಿ, ತಡವಾಗಿ ಮಡಿಸುತ್ತದೆ. ಮಳೆಗಾಲಕ್ಕೆ ಮುಂಚೆ ಅಂಚುಗಳಿಗೆ ಬಣ್ಣ ಬಳಿಯಿರಿ.

ಇದಕ್ಕೆ ವಿರುದ್ಧವಾಗಿ, ಗಾಳಿ ಏರಿದರೂ ಕರೆಂಟ್ 12–15 ಆಂಪಿಯರಿನಲ್ಲೇ ನಿಂತು, ಮೇಲೆ ನೋಡಿದರೆ ಬಾಲ ಆಗಲೇ ಮಡಿಸಿಕೊಂಡಿದ್ದರೆ ಬಾಲ ಹಗುರ. ತುದಿಗೆ 200 ಗ್ರಾಂನಷ್ಟು ತೂಕ ಸೇರಿಸಿ ಒಂದು ವಾರ ನೋಡಿ, ಬೇಕಾದರೆ ಮತ್ತೆ ಸೇರಿಸಿ. ಒಮ್ಮೆಲೇ ಒಂದು ಕೆ.ಜಿ. ಕಬ್ಬಿಣ ವೆಲ್ಡ್ ಮಾಡಬೇಡಿ.

ನಡುಕ, ಕಂಬ, ಸ್ಟೇ ವೈರ್

ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಕಂಬ ನಡುಗಿ, ವೇಗ ಹೆಚ್ಚಿದರೆ ನಿಲ್ಲುವುದಾದರೆ ಅದು ಕಂಬದ ಅನುರಣನ. ಸ್ಟೇ ವೈರಿನ ಬಿಗಿ ಬದಲಿಸಿ. ವೇಗ ಹೆಚ್ಚಿದಂತೆ ನಡುಕವೂ ಹೆಚ್ಚುತ್ತಲೇ ಹೋದರೆ ರೆಕ್ಕೆಯ ತೂಕ ಸಮ ಇಲ್ಲ.

2.4 ಮೀಟರ್ ವ್ಯಾಸದಲ್ಲಿ ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ 207.8 ಸೆಂ.ಮೀ. ಇರಬೇಕು. ಮೂರು ಅಳತೆಗಳೂ 5 ಮಿ.ಮೀ. ಒಳಗೆ ಹೊಂದಲಿ. ಆಮೇಲೆ ಕಂಬದ ಒಂದೇ ಗುರುತಿನ ಮುಂದೆ ಮೂರೂ ತುದಿಗಳನ್ನು ತಂದು ದೂರ ಅಳೆಯಿರಿ, ಅಲ್ಲೂ ಅಷ್ಟೇ ಮಿತಿ. ಇವೆರಡೂ ಸರಿಯಿದ್ದರೆ ತೂಕ ನೋಡಿ. ತಂತಿ ಬಿಡಿಯಾಗಿಟ್ಟು, ಒಂದೊಂದು ರೆಕ್ಕೆಯನ್ನೂ ಅಡ್ಡಕ್ಕೆ ತಂದು ಬಿಟ್ಟಾಗ ಯಾವುದು ಸದಾ ಕೆಳಗೆ ಇಳಿಯುತ್ತದೋ ಅದು ಭಾರ. ಎದುರು ಕಡೆ, ನಡುವಿನ ಹತ್ತಿರ ಸೀಸದ ತುಂಡನ್ನು ಸ್ಕ್ರೂ ಹಾಕಿ ಸರಿದೂಗಿಸಿ. ಫೈಬರ್ ರೆಕ್ಕೆಯ ಬುಡದಲ್ಲಿ ಕೂದಲೆಳೆ ಬಿರುಕು ಕಂಡರೂ ಆ ರೆಕ್ಕೆ ಮತ್ತೆ ಮೇಲೇರಬಾರದು. ಬದಲಿಸುವುದಾದರೆ ಮೂರನ್ನೂ ಒಟ್ಟಿಗೆ ಬದಲಿಸಿ.

ಸ್ಟೇ ವೈರಿನ ಕ್ಲಾಂಪುಗಳಲ್ಲಿ ಯು ಬೋಲ್ಟ್ ಮಡಿಸಿದ ಗಿಡ್ಡ ತುದಿಯ ಮೇಲೆ, ತಡಿ ಭಾರ ಹೊರುವ ತಂತಿಯ ಮೇಲೆ ಕೂರಬೇಕು. ತುದಿಗೆ ಮೂರು ಕ್ಲಾಂಪ್. ಟರ್ನ್‌ಬಕಲ್ (ಸ್ಟೇ ವೈರ್ ಬಿಗಿ ಮಾಡುವ ತಿರುಪು) ಅಲುಗಾಟಕ್ಕೆ ತಾನೇ ಬಿಚ್ಚಿಕೊಳ್ಳದಂತೆ ಅದರ ನಡುವೆ ಬೈಂಡಿಂಗ್ ವೈರ್ ಹಾಯಿಸಿ ಕಟ್ಟಿ. ಮಂಡ್ಯದ ನಾಲಾ ಬಯಲಿನಲ್ಲಿ ಗದ್ದೆಯಂಚಿಗೆ ಗೂಟ ಹೂತಿದ್ದರೆ, ನಾಲೆಗೆ ನೀರು ಬಿಟ್ಟ ಮೇಲೆ ಮಣ್ಣು ಸಡಿಲವಾಗಿ ಗೂಟ ಇಂಚಿಂಚಾಗಿ ಮೇಲೇಳುತ್ತದೆ. ಗೂಟಕ್ಕೆ ನೆಲದ ಮಟ್ಟದಲ್ಲಿ ಬಣ್ಣದ ಗೆರೆ ಹಾಕಿಡಿ, ಗೆರೆ ಮೇಲೆ ಬಂದಿದ್ದರೆ ಕಾಂಕ್ರೀಟ್ ಹಾಕದೆ ಬೇರೆ ದಾರಿಯಿಲ್ಲ.

ಸಿಡಿಲು ಮತ್ತು ತೇವ

ಬೇಸಿಗೆ ಮಳೆಯ ಗುಡುಗಿನ ಮರುದಿನ ಕಂಟ್ರೋಲರ್ ಸತ್ತಿದ್ದರೆ ಮೊದಲು ಸರ್ಜ್ ಅರೆಸ್ಟರ್ (ಸಿಡಿಲಿನ ಅತಿ ವೋಲ್ಟನ್ನು ನೆಲಕ್ಕೆ ಹರಿಸುವ ಭಾಗ) ನೋಡಿ. ಅದು ಸಿಡಿದು ಶಾರ್ಟ್ ಆಗಿ ಟರ್ಬೈನನ್ನು ಎಳೆದು ಹಿಡಿದಿರಬಹುದು. ಕಂಬದ ಬುಡಕ್ಕೂ ಪ್ರತಿ ಸ್ಟೇ ಗೂಟಕ್ಕೂ ಅರ್ಥಿಂಗ್ ಇರಲಿ, ಎಲ್ಲವನ್ನೂ ಒಂದಕ್ಕೊಂದು ಜೋಡಿಸಿ. ನಾಗಮಂಗಲದ ಕಡೆಯ ಗರಸು ಕೆಂಪು ಮಣ್ಣು ಬೇಸಿಗೆಯಲ್ಲಿ ಪೂರ್ತಿ ಒಣಗುತ್ತದೆ. ಸಿಡಿಲಿನ ಕಾಲವೂ ಅದೇ, ಆದ್ದರಿಂದ ಮಾರ್ಚಿನಿಂದಲೇ ಅರ್ಥ್ ಗುಂಡಿಗೆ ನೀರು ಹಾಕುತ್ತಿರಿ.

ಮಳೆಗಾಲದಲ್ಲಿ ಮಾತ್ರ ಕಾಣಿಸಿಕೊಂಡು ಬಿಸಿಲಿಗೆ ಮಾಯವಾಗುವ ದೋಷ ತೇವದ್ದು. ಕಂಟ್ರೋಲರ್, ರೆಕ್ಟಿಫೈಯರ್ ಬಿಚ್ಚಿ, 500 ವೋಲ್ಟಿನ ಮೆಗ್ಗರಿನಿಂದ (ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಸುರುಳಿಗೂ ಕಬ್ಬಿಣದ ಚೌಕಟ್ಟಿಗೂ ನಡುವೆ ಅಳೆಯಿರಿ. 1 ಮೆಗಾ ಓಮಿಗಿಂತ ಕಡಿಮೆ ಬಂದರೆ ಸ್ಟೇಟರ್ ಬಿಚ್ಚಿ ಬಿಸಿಲಲ್ಲಿ ಒಣಗಿಸಿ, ವಾರ್ನಿಷ್ ಕೊಟ್ಟು ಮತ್ತೆ ಅಳೆಯಿರಿ.

ಮತ್ತೆ ಓಡಿಸುವಾಗ

ಸರಿಮಾಡಿದ ಯಂತ್ರವನ್ನು 4–5 ಮೀಟರಿನ ತಿಳಿ ಗಾಳಿಯಲ್ಲಿ ಬಿಡಿ. ಮೊದಲ ಅರ್ಧ ಗಂಟೆ ಅಲ್ಲೇ ಇರಿ. ಮೂರು ತಂತಿಯ ಕರೆಂಟ್ ಸಮ ಇದೆಯೇ ನೋಡಿ, ಯಂತ್ರ ನಿಲ್ಲಿಸಿದ ಮೇಲೆ ಪ್ರತಿ ಲಗ್ ಮತ್ತು ಹೀಟ್ ಸಿಂಕಿಗೆ ಕೈಯಿಟ್ಟು ನೋಡಿ. ಒಂದು ಲಗ್ ಮಾತ್ರ ಬಿಸಿಯಿದ್ದರೆ ಅದನ್ನು ಬಿಚ್ಚಿ ಮತ್ತೆ ಕ್ರಿಂಪ್ ಮಾಡಿ. ಸರಿಯಿರುವ ಹೊತ್ತಿನ ಅಂಕಿಗಳನ್ನು, ಅಂದರೆ ಹರ್ಟ್ಜಿಗೆ ಎಷ್ಟು ವೋಲ್ಟ್, ಮೂರು ಜೋಡಿಗಳ ರೋಧ, 6 ಮೀಟರ್ ಗಾಳಿಗೆ ಎಷ್ಟು ಆಂಪಿಯರ್, ಇಷ್ಟನ್ನು ತಾರೀಖಿನ ಸಮೇತ ಕಂಟ್ರೋಲರ್ ಪೆಟ್ಟಿಗೆಯ ಬಾಗಿಲಿನ ಒಳಬದಿಗೆ ಬರೆದು ಅಂಟಿಸಿ. ಸ್ಟೇ ವೈರಿನ ಬಿಗಿಯನ್ನು ಒಂದು ವಾರದ ನಂತರ ಒಮ್ಮೆ, ಆಷಾಢ ಕಳೆದ ಮೇಲೆ ಇನ್ನೊಮ್ಮೆ ನೋಡಿ.